ಆರನೆಯ ದೀಪ

ಕಳೆದ ರಜೆಯಲ್ಲಿ ಜೋಯಿಡಾ ಕಡೆಯ ನನ್ನ ತಮ್ಮನ ಹಳ್ಳಿಗೆ ಹೊರಟಾಗ ಮೊಮ್ಮಗನ ಚೀಲ ನನ್ನ ಚೀಲಕ್ಕಿಂತ ಭಾರವಾಗಿತ್ತು. ದಾಂಡೇಲಿ ಬಸ್‌ಸ್ಟ್ಯಾಂಡಿನಲ್ಲೇ ಬಿಚ್ಚಿಸಿ ನೋಡಿದೆ. ಒಂದು ಹಳೆಯ ಲ್ಯಾಪ್‌ಟಾಪು, ಅದರ ಚಾರ್ಜರು, ಟವೆಲಿನಲ್ಲಿ ಸುತ್ತಿಟ್ಟ ಕರಿಯ ವಸ್ತು ಒಂದು. ಎರಡು ಕಡೆ ಹಿಡಿ, ನಡುವೆ ಅಣಬೆಯಂಥ ಎರಡು ಕಡ್ಡಿ, ಸುತ್ತಲೂ ಗುಂಡಿಗಳು.

"ಏನೋ ಇದು?"

"ಪ್ಲೇಸ್ಟೇಷನ್ ಕಂಟ್ರೋಲರ್ ಅಜ್ಜಾ. ಹುಬ್ಬಳ್ಳಿ ಅಣ್ಣ ಹೊಸಾದು ತಗೊಂಡ, ಹಳೇದು ನನಗ ಕೊಟ್ಟ. ಲ್ಯಾಪ್‌ಟಾಪಿಗೂ ನಡೀತೈತಿ. ವೈರ್ ಬ್ಯಾಡ."

"ಆ ಊರಾಗ ಫೋನ್ ಹಚ್ಚಬೇಕಂದ್ರ ಗುಡ್ಡ ಹತ್ತಬೇಕು. ವೈರಿಲ್ಲದ್ದು ಅಲ್ಲಿ ಹೆಂಗ ನಡೀತೈತೋ?"

ಅವನು ನನ್ನನ್ನು ನೋಡಿದ ನೋಟ ಈ ಅಂಕಣ ಓದುವ ಅಜ್ಜ ಅಜ್ಜಿಯರಿಗೆಲ್ಲ ಗೊತ್ತಿರುತ್ತದೆ. ತಂತಿ ಇಲ್ಲದ್ದೆಲ್ಲ ಟವರಿನಿಂದಲೇ ಬರುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಇದು ಬ್ಲೂಟೂತು. ಕಂಟ್ರೋಲರಿನೊಳಗೊಂದು ಪುಟ್ಟ ರೇಡಿಯೊ, ಲ್ಯಾಪ್‌ಟಾಪಿನೊಳಗೊಂದು. ಎರಡೂ ಒಂದೇ ಕೋಣೆಯಲ್ಲಿ ಕೂತು ತಮ್ಮತಮ್ಮೊಳಗೆ ಮಾತಾಡಿಕೊಳ್ಳುತ್ತವೆ. ಊರಿನಲ್ಲಿ ಟವರಿರಲಿ ಬಿಡಲಿ, ಸುಮಾರು ಹತ್ತು ಮೀಟರಿನೊಳಗೆ ಅವುಗಳ ಹರಟೆ ಸಾಗುತ್ತದೆ.

ಮಕ್ಕಳೇ, ಆ ಹರಟೆಯ ರೀತಿ ಕೇಳಿ. ಕುಂಟಬಿಲ್ಲೆ ಆಡುತ್ತೀರಲ್ಲ, ಹಾಗೆ. 2.4 ಗಿಗಾಹರ್ಟ್ಸ್ ಎಂಬ ಅಂಗಳದಲ್ಲಿ 79 ಚೌಕ. ಈ ಎರಡು ರೇಡಿಯೊಗಳು ಜೊತೆಯಾಗಿ ಸೆಕೆಂಡಿಗೆ 1600 ಸಲ ಚೌಕದಿಂದ ಚೌಕಕ್ಕೆ ಜಿಗಿಯುತ್ತವೆ. ವೈಫೈಯೋ ಇನ್ನೊಂದೋ ಒಂದು ಚೌಕದಲ್ಲಿ ಅಡ್ಡ ನಿಂತಿದ್ದರೆ ಮುಂದಿನ ಚೌಕದಲ್ಲಿ ಮಾತು ಮುಂದುವರಿಯುತ್ತದೆ. ಇಂಥದೇ ಜಿಗಿತದ ಉಪಾಯಕ್ಕೆ 1942ರಲ್ಲೇ ಅಮೆರಿಕದಲ್ಲಿ ಇಬ್ಬರು ಪೇಟೆಂಟ್ ಪಡೆದಿದ್ದರು. ಒಬ್ಬಳು ಹೆಡಿ ಲಮಾರ್ ಎಂಬ ಸಿನಿಮಾ ನಟಿ, ಇನ್ನೊಬ್ಬ ಜಾರ್ಜ್ ಆಂತೈಲ್ ಎಂಬ ಸಂಗೀತಗಾರ. ಯುದ್ಧದಲ್ಲಿ ರೇಡಿಯೊದಿಂದ ನಡೆಸುವ ಟಾರ್ಪಿಡೊಗೆ ಶತ್ರು ಅಡ್ಡಿ ಮಾಡಬಾರದೆಂದು ಹೂಡಿದ ಉಪಾಯ ಅದು. ಅವರ ಲೆಕ್ಕದಲ್ಲಿ ಚೌಕಗಳು 88, ಪಿಯಾನೊದ ಮನೆಗಳಷ್ಟು.

ಬಸ್ಸು ಗಣೇಶಗುಡಿ ದಾಟಿತು. ಸೂಪಾ ಅಣೆಕಟ್ಟು ಇರುವುದು ಅಲ್ಲೇ. ಹಳೆಯ ಸೂಪಾ ಊರು ಈಗ ಅದರ ನೀರಿನಡಿ ಇದೆ. ಈ ದಾರಿಯ ಒಂದೊಂದು ತಿರುವೂ ನನ್ನ ತಮ್ಮನಿಗೆ ಬಾಯಿಪಾಠ. ಮೂವತ್ತು ವರ್ಷ ಲಾರಿ ಓಡಿಸಿದವನು. ಕಾಡಿನ ಬಿದಿರು ಹೇರಿಕೊಂಡು ದಾಂಡೇಲಿಯ ಕಾಗದದ ಕಾರ್ಖಾನೆಗೆ ತಂದು ಹಾಕುತ್ತಿದ್ದ. ಮಳೆಗಾಲದ ರಾತ್ರಿ ಘಟ್ಟದಲ್ಲಿ ಲೈಟು ಕೆಟ್ಟರೂ ಅವನ ಕೈ ನಡುಗಿದ್ದಿಲ್ಲ.

ಹೋದ ವರ್ಷ ಅವನಿಗೆ ಲಕ್ವ ಹೊಡೆಯಿತು. ಕಾಲು ಅಷ್ಟಿಷ್ಟು ಸುಧಾರಿಸಿತು, ಮಾತೂ ಬಂತು. ಬಲಗೈ ಮಾತ್ರ ತೊಡೆಯ ಮೇಲೆ ಬಿದ್ದುಕೊಂಡೇ ಇರುತ್ತಿತ್ತು. ವ್ಯಾಯಾಮ ಹೇಳಿಕೊಟ್ಟ ಹೆಣ್ಣುಮಗಳು ದಿನಾ ಹಿಚುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದಳು. ಅದೀಗ ನಾಯಿಯ ಬಾಯಲ್ಲಿತ್ತು. ನಾವು ಹೋದಾಗ ಅವನು ಪಡಸಾಲೆಯ ಕುರ್ಚಿಯಲ್ಲಿ ಗೋಡೆ ಕಡೆ ಮುಖ ಮಾಡಿ ಕೂತಿದ್ದ. "ಬಂದಿ ಏನಣ್ಣಾ" ಅಂದ, ಅಷ್ಟೆ. ಅವನ ಹೆಂಡತಿ ಒಳಗೆ ಕರೆದು, "ಯಾರ ಕೂಡಾನೂ ಮಾತಿಲ್ರಿ. ಊಟಾನೂ ಎಡಗೈಲೆ ಎರಡು ತುತ್ತು" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಹುಡುಗ ಯಾರನ್ನೂ ಕೇಳಲಿಲ್ಲ. ಕಟ್ಟೆಯ ಮೇಲೆ ಲ್ಯಾಪ್‌ಟಾಪು ಬಿಚ್ಚಿದ. ನನ್ನ ಮೊಬೈಲಿನ ಹಳೆಯ ಕೇಬಲ್ ಹಚ್ಚಿದ. ಕಂಟ್ರೋಲರಿನ ದೀಪ ಹತ್ತಿತು, ಆದರೆ ಲ್ಯಾಪ್‌ಟಾಪಿಗೆ ಅದು ಬಂದದ್ದೇ ಗೊತ್ತಾಗಲಿಲ್ಲ. ಇಂಥ ಕೇಬಲ್ಲಿನೊಳಗೆ ನಾಲ್ಕು ಎಳೆ ಇರಬೇಕು, ಎರಡು ಕರೆಂಟಿಗೆ, ಎರಡು ಮಾಹಿತಿಗೆ. ಅಗ್ಗದ ಚಾರ್ಜಿಂಗ್ ಕೇಬಲ್ಲಿನಲ್ಲಿ ಕರೆಂಟಿನ ಎರಡೇ. ಹೊಟ್ಟೆ ತುಂಬುತ್ತದೆ, ಬಾಯಿ ಬಿಡುವುದಿಲ್ಲ. (ಆ ಕೇಬಲ್ ಸಂತೆಯಲ್ಲಿ ಚೌಕಾಸಿ ಮಾಡಿ ತಂದವನು ನಾನೇ.)

ಸರಿ, ಬ್ಲೂಟೂತೇ ಗತಿ. ನಡುವಿನ ಪಿಎಸ್ ಗುಂಡಿ ಒತ್ತಿದ. ಬಿಳಿ ದೀಪ ನಾಲ್ಕಾರು ಸಲ ಮಿನುಗಿ ಆರಿಹೋಯಿತು. ಮತ್ತೆ ಒತ್ತಿದ, ಮತ್ತೆ ಆರಿತು. ಅದು ಹುಬ್ಬಳ್ಳಿಯ ತನ್ನ ಹಳೆಯ ಯಜಮಾನನನ್ನು ಹುಡುಕುತ್ತಿತ್ತು. ಈ ಜಾತಿಯ ಕಂಟ್ರೋಲರು ಕೊನೆಗೆ ಯಾರ ಜೊತೆ ಜೋಡಿಯಾಗಿತ್ತೋ ಅವರನ್ನೇ ನೆನಪಿಟ್ಟುಕೊಂಡಿರುತ್ತದೆ. ನಮ್ಮ ಗೌಳಿಗರ ಎಮ್ಮೆ ಮಾರಿದ ಮೇಲೂ ಹಳೆಯ ಕೊಟ್ಟಿಗೆಗೇ ಹೋಗಿ ನಿಲ್ಲುತ್ತದಲ್ಲ, ಹಾಗೆ.

"ಸಣ್ಣಜ್ಜೀ, ಒಂದು ಪಿನ್ ಕೊಡ್ರಿ" ಅಂದ. ಅವಳು ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ಕೊಟ್ಟಳು. ಕಂಟ್ರೋಲರಿನ ಬೆನ್ನಲ್ಲಿ, ಎಡಗಡೆಯ ಎಲ್ 2 ಗುಂಡಿಯ ಹತ್ತಿರ, ಒಂದು ಸಣ್ಣ ತೂತಿದೆ. ಅದರೊಳಗೆ ಐದು ಸೆಕೆಂಡು ಒತ್ತಿ ಹಿಡಿದ. ಹಳೆಯ ನೆನಪು ಹೋಯಿತು. ಆಮೇಲೆ ಶೇರ್ ಎಂಬ ಗುಂಡಿ ಮತ್ತು ಪಿಎಸ್ ಗುಂಡಿ ಎರಡನ್ನೂ ಒಟ್ಟಿಗೆ ಹಿಡಿದ. ದೀಪ ಮಿಣಮಿಣ ಅಂತ ಅವಸರದಲ್ಲಿ ಮಿನುಗತೊಡಗಿತು. ಹೊಸ ಜೋಡಿ ಹುಡುಕುವಾಗ ಅದು ಹಾಗೆ ಮಿನುಗುತ್ತದೆ. ಲ್ಯಾಪ್‌ಟಾಪಿನ ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ಆನ್ ಮಾಡಿ ಹೊಸ ಸಾಧನ ಸೇರಿಸು ಅಂದಾಗ 'ವೈರ್‌ಲೆಸ್ ಕಂಟ್ರೋಲರ್' ಎಂಬ ಹೆಸರು ಬಂತು. ಒತ್ತಿದ, ಕೂಡಿಕೊಂಡಿತು.

ಆಟಕ್ಕೆ ಮೊದಲು ಅವನೊಂದು ಪರೀಕ್ಷೆ ಮಾಡಿದ. ವಿಂಡೋಸ್ ಇರುವ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಗುಂಡಿ ಮತ್ತು 'ಆರ್' ಅಕ್ಷರ ಒಟ್ಟಿಗೆ ಒತ್ತಿ 'ಜಾಯ್ ಡಾಟ್ ಸಿಪಿಎಲ್' ಎಂದು ಟೈಪ್ ಮಾಡಿದರೆ ಒಂದು ಕಿಟಕಿ ತೆರೆಯುತ್ತದೆ. ಅದರಲ್ಲಿ ನಮ್ಮ ಕಂಟ್ರೋಲರನ್ನು ಆರಿಸಿಕೊಂಡು ಒಳಗೆ ಹೋದರೆ, ಒಂದೊಂದು ಗುಂಡಿಗೂ ಒಂದೊಂದು ಅಂಕಿಯ ಕೆಂಪು ದೀಪ. ಎಡಭುಜದ ಎಲ್ 1 ಗುಂಡಿಗೆ 5ನೆಯ ದೀಪ, ಬಲಭುಜದ ಆರ್ 1 ಗುಂಡಿಗೆ 6ನೆಯದು.

"ಸಣ್ಣಜ್ಜಾ, ಇದನ್ನೊಂದು ಹಿಡ್ಕೋ. ಗುಂಡಿ ಎಲ್ಲಾ ಬರೋಬ್ಬರಿ ಅದಾವೇನು ನೋಡಬೇಕು. ನನ್ನ ಕೈ ಬಿಡುವಿಲ್ಲ."

ಬಿಡುವಿಲ್ಲದ ಕೈಯಲ್ಲಿ ಅವಲಕ್ಕಿಯ ತಟ್ಟೆ ಇತ್ತು. ತಮ್ಮ ಗೊಣಗುತ್ತ ಹಿಡಿದ. ಬಲಗೈಯನ್ನು ಎಡಗೈಯಿಂದಲೇ ಎತ್ತಿ ಹಿಡಿಯ ಮೇಲಿಟ್ಟುಕೊಂಡ. 5ನೆಯ ದೀಪ ಟಪ್ಪನೆ ಹತ್ತಿತು. 6ನೆಯದು ಹತ್ತಲಿಲ್ಲ. ತೋರುಬೆರಳು ಗುಂಡಿಯ ಮೇಲಿದೆ, ಅದಕ್ಕೆ ಒತ್ತಲಾಗುತ್ತಿಲ್ಲ. ಪಡಸಾಲೆಯಲ್ಲಿ ಯಾರೂ ಉಸಿರು ಬಿಡಲಿಲ್ಲ. ಇದೆಲ್ಲಿ ಅವನನ್ನು ಇನ್ನಷ್ಟು ಕುಗ್ಗಿಸುತ್ತದೋ ಎಂದು ನನಗೆ ಹುಡುಗನ ಮೇಲೆ ಸಿಟ್ಟೇ ಬಂತು.

"ಆ ಗುಂಡಿ ಕೆಟ್ಟಿರಬೇಕು ಬಿಡು" ಅಂದ ಮೊಮ್ಮಗ, ಅವಲಕ್ಕಿ ಅಗಿಯುತ್ತ.

"ಕೆಟ್ಟಿಲ್ಲೋ, ತಡಿ" ಅಂದ ತಮ್ಮ.

ಎಷ್ಟು ಹೊತ್ತಾಯಿತೋ. ದೀಪ ಒಮ್ಮೆ ಕೆಂಪಾಗಿ ಆರಿತು. ಮತ್ತೆ ಒಮ್ಮೆ. ನನ್ನ ತಮ್ಮನ ಹಣೆಯ ಮೇಲೆ ಬೆವರು.

ಆಮೇಲೆ ಆಟ. ಸೂಪರ್‌ಟಕ್ಸ್‌ಕಾರ್ಟ್ ಎಂಬುದು ದುಡ್ಡಿಲ್ಲದೆ ಸಿಗುವ ಗಾಡಿ ಓಟದ ಆಟ. ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಓಡುತ್ತದೆ. ಟಕ್ಸ್ ಎಂಬ ಪೆಂಗ್ವಿನ್ ಅದರಲ್ಲಿ ಡ್ರೈವರು. ಯಾವ ಗುಂಡಿ ಯಾವ ಕೆಲಸ ಮಾಡಬೇಕೆಂದು ನಾವೇ ಬದಲಾಯಿಸಿಕೊಳ್ಳಬಹುದು ಎಂಬುದು ಅದರ ದೊಡ್ಡ ಗುಣ. ಮೊದಲು ಹುಡುಗ ಎಲ್ಲವನ್ನೂ ಎಡಗೈಗೇ ಕೊಟ್ಟ. ಎಡಗಡೆಯ ಕಡ್ಡಿ ಸ್ಟೇರಿಂಗು, ಎಲ್ 1 ಎಕ್ಸಲೇಟರು.

"ಎಕ್ಸಲೇಟರ್ ಕಾಲಾಗ ಇರಬೇಕು. ಬೆರಳಾಗ ಇಟ್ರ ಗಾಡಿ ಹೆಂಗ ಹೊಡೀಬೇಕು?" ಎಂದು ತಮ್ಮ ಬೈದ. ಬೈಯುತ್ತಲೇ ಮೂರು ಸುತ್ತು ಹೊಡೆದ. ಕೊನೆಯವನಾಗಿ ಬಂದ. ಪೆಂಗ್ವಿನ್ನಿಗೆ ತಿರುವಿನಲ್ಲಿ ಬ್ರೇಕ್ ಹಾಕುವ ಬುದ್ಧಿ ಇಲ್ಲವೆಂದ.

ಊಟದ ಹೊತ್ತಿಗೆ ಹುಡುಗ ಯಾರಿಗೂ ಹೇಳದೆ ಎಕ್ಸಲೇಟರನ್ನು ಆರ್ 1ಕ್ಕೆ, ಬಲಗೈಗೆ, ದಾಟಿಸಿಬಿಟ್ಟ. ಮಧ್ಯಾಹ್ನ ಗಾಡಿ ಹೊರಡಲಿಲ್ಲ. ಎಲ್ಲರೂ ಮುಂದೆ ಹೋದರು, ಪೆಂಗ್ವಿನ್ ಗೆರೆಯ ಮೇಲೇ ನಿಂತಿತ್ತು. ತಮ್ಮ ಮೊಮ್ಮಗನ ಮುಖ ನೋಡಿದ, ನನ್ನ ಮುಖ ನೋಡಿದ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ, ಬೆರಳನ್ನು ಸರಿಯಾಗಿ ಇಟ್ಟುಕೊಂಡ. ಗಾಡಿ ನಾಲ್ಕು ಮಾರು ಹೋಗಿ ನಿಂತಿತು. ಮತ್ತೆ ನಾಲ್ಕು ಮಾರು. ಸಂಜೆ ಬಸ್ಸಿನ ಹೊತ್ತಿಗೆ ಒಂದು ಸುತ್ತು ಮುಗಿದಿರಲಿಲ್ಲ.

ಇದು ಔಷಧಿ ಎಂದು ಯಾರೂ ತಿಳಿಯಬೇಡಿ. ನಾಯಿಯಿಂದ ಚೆಂಡು ಕಸಿದು ತೊಳೆದು ಅವನ ಪಕ್ಕದಲ್ಲಿಟ್ಟೇ ಬಂದೆ, ವ್ಯಾಯಾಮ ಬಿಡಬೇಡ ಎಂದು ಹೇಳಿ. ಕೈ ಸ್ವಾಧೀನವಿಲ್ಲದವರೂ ಆಡಲೆಂದು ಅಂಗೈಯಿಂದ ಒತ್ತುವಷ್ಟು ದೊಡ್ಡ ಗುಂಡಿಗಳಿರುವ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರನ್ನು ಮೈಕ್ರೋಸಾಫ್ಟ್‌ನವರು 2018ರಲ್ಲಿ ತಂದಿದ್ದಾರೆ, ಅದೂ ಕಂಪ್ಯೂಟರಿಗೆ ಜೋಡಿಯಾಗುತ್ತದೆ. ನಮ್ಮಲ್ಲಿದ್ದದ್ದು ಹುಬ್ಬಳ್ಳಿಯ ಹಳೆಯದು.

ಅದನ್ನೂ ಲ್ಯಾಪ್‌ಟಾಪನ್ನೂ ಹುಡುಗ ಅಲ್ಲೇ ಬಿಟ್ಟು ಬಂದ. ಬಸ್ಸಿನಲ್ಲಿ ದಾಂಡೇಲಿಯವರೆಗೂ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ನಾನೂ ಮಾತಾಡಿಸಲಿಲ್ಲ.

ಹೋದ ಭಾನುವಾರ ಫೋನ್ ಬಂತು. ಏದುಸಿರು.

"ಎಲ್ಲಿಂದ ಮಾತಾಡಾಕತ್ತೀ?"

"ಗುಡ್ಡದ ಮ್ಯಾಲಿಂದ ಅಣ್ಣಾ. ಮೊಮ್ಮಗನ ಕೈಯಾಗ ಕೊಡು. ಬಾಜೂ ಮನಿ ಹುಡುಗ ಅದನ್ನ ತನ್ನ ಮೊಬೈಲಿಗೆ ಜೋಡಿಸಿಬಿಟ್ಟಾನ. ಈಗ ಲ್ಯಾಪ್‌ಟಾಪಿಗೆ ಬರವಲ್ದು. ಪಿನ್ ಎಲ್ಲಿ ಚುಚ್ಚೋದು?"

ಮೊಮ್ಮಗ ಫೋನ್ ಕಸಿದುಕೊಂಡ. "ಪಿನ್ ಬ್ಯಾಡ ಸಣ್ಣಜ್ಜಾ. ಲ್ಯಾಪ್‌ಟಾಪಿನ ಪಟ್ಟಿಯೊಳಗ ಹಳೇ ಹೆಸರು ತಗಿ. ಆಮ್ಯಾಲೆ ಶೇರ್ ಗುಂಡಿ, ಪಿಎಸ್ ಗುಂಡಿ ಎರಡೂ ಒಟ್ಟಿಗೆ ಒತ್ತಿ ಹಿಡಿ. ದೀಪ ಮಿಣಮಿಣ ಅನ್ನೋತನಕ ಬಿಡಬ್ಯಾಡ."

"ಎರಡೂ ಒಟ್ಟಿಗೆ ಅಂದ್ರ ಎರಡೂ ಕೈ ಬೇಕಲ್ಲೋ?"

"ಹೂಂ, ಬೇಕು."

ಆ ಕಡೆ ಸ್ವಲ್ಪ ಹೊತ್ತು ಬರೀ ಗಾಳಿಯ ಸದ್ದು.

"ಸರಿ. ಇಳದು ಹೋಗಿ ನೋಡ್ತೀನಿ" ಅಂದ ತಮ್ಮ.