ನಾ ಇನ್ನೂ ಅದೀನ್ರಿ ಸಾಹೇಬ್ರ

ಹೋದ ಜನವರಿಯಲ್ಲಿ ಬೀದರ್‌ನ ಒಂದು ಬ್ಯಾಂಕಿನ ಕೌಂಟರ್ ಮುಂದೆ ನಿಂತು, ನಮ್ಮಪ್ಪ ಸತ್ತಿಲ್ಲ ಅಂತ ವಾದ ಮಾಡುತ್ತಿದ್ದೆ.

ಅಪ್ಪ ಇರೋದು ಅಮೆರಿಕದಲ್ಲಿ, ಅಣ್ಣನ ಮನೆಯಲ್ಲಿ. ನಮ್ಮೂರು ಜನವಾಡ, ಬೀದರ್‌ನಿಂದ ಔರಾದ್ ಕಡೆ ಹೋಗುವಾಗ ಸಿಗುತ್ತೆ. ಆ ಸುತ್ತಲಿನ ಸರ್ಕಾರಿ ಶಾಲೆಗಳಲ್ಲಿ 34 ವರ್ಷ ಮಾಸ್ತರಿಕೆ ಮಾಡಿ, ಹೆಡ್‌ಮಾಸ್ಟರಾಗಿ ರಿಟೈರ್ ಆದವನು ಅಪ್ಪ. ಅಣ್ಣ ಅಲ್ಲಿಯ ಸಿಟಿಜನ್ ಆದ ಮೇಲೆ ಅಪ್ಪ-ಅವ್ವ ಇಬ್ಬರಿಗೂ ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡ. ನಾನು ಬೆಂಗಳೂರಲ್ಲಿ ಕೋಡ್ ಬರೆದುಕೊಂಡು ಇದ್ದೀನಿ. ಹಾಗಾಗಿ ಊರಿನ ಕಾಗದಪತ್ರದ ಕೆಲಸವೆಲ್ಲ ನನ್ನ ತಲೆಗೆ.

ವಿಷಯ ಇಷ್ಟೇ. ಡಿಸೆಂಬರ್ ಪಿಂಚಣಿ ಬರಲಿಲ್ಲ. ಜೀವಂತ ಪ್ರಮಾಣಪತ್ರ ಮುಟ್ಟಿಲ್ಲ, ಅದಕ್ಕೇ ನಿಲ್ಲಿಸಿದ್ದೀವಿ ಅಂದರು. ಕೌಂಟರಿನಲ್ಲಿದ್ದ ಹುಡುಗ ಅಪ್ಪನ ಹೆಸರು ನೋಡಿ, "ಇವ್ರು ನಮ್ಮ ಸರ್ ಅಲ್ಲೇನ್ರಿ? ಏಳನೇತ್ತಕ್ಕ ನನಗ ಗಣಿತ ಹೇಳ್ಯಾರ" ಅಂದ. ನನಗೆ ದೇವರೇ ಸಿಕ್ಕಂಗಾಯ್ತು. ಅಲ್ಲೇ ವಿಡಿಯೋ ಕಾಲ್ ಹಚ್ಚಿದೆ. ಅಲ್ಲಿ ರಾತ್ರಿ ಹನ್ನೊಂದೂವರೆ. ಮಂಗನ ಟೋಪಿ ಹಾಕಿಕೊಂಡು ಅಪ್ಪ ಪರದೆ ಮೇಲೆ ಬಂದ.

"ನಮಸ್ಕಾರ್ರಿ ಸರ್, ಆರಾಮ ಅದೀರಿ?"

"ಆರಾಮ ಅದೀನಪ್ಪ. ನೀ ಕಡೀ ಬೆಂಚಿನ್ಯಾಗ ಕೂಡ್ತಿದ್ದಿ ಅಲ್ಲ?"

ಐದು ನಿಮಿಷ ಮಾತಾಡಿದರು. ಮೊಣಕಾಲು ನೋವು, ತೊಗರಿ ರೇಟು, ಅಲ್ಲಿಯ ಚಳಿ, ಎಲ್ಲ ಆಯ್ತು. ಫೋನ್ ಇಟ್ಟ ಮೇಲೆ ಆ ಹುಡುಗ ತಲೆ ತಗ್ಗಿಸಿ ಹೇಳಿದ: "ಸರ್ ಅದಾರ ಅಂತ ನನಗ ಗೊತ್ತದ್ರಿ. ಸಿಸ್ಟಮ್‌ಗ ಗೊತ್ತಿಲ್ಲ."

ಅವನ ಮೇಲೆ ನನಗೆ ಸಿಟ್ಟಿಲ್ಲ. ಆ ಸಿಸ್ಟಮ್ ಕಟ್ಟೋರ ಮೇಲೆ ಇದೆ. ಅಂದರೆ ನನ್ನಂಥವರ ಮೇಲೆ, ನಿಮ್ಮಂಥವರ ಮೇಲೆ.

ಇಲ್ಲಿಗೆ ಬಂದು ಮುಟ್ಟಿದ್ದು ಹೇಗೆ ಅಂತ ಕೇಳಿ. ಪಿಂಚಣಿ ತಗೊಳ್ಳೋರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್‌ನಲ್ಲಿ, ತಾವು ಬದುಕಿದ್ದೇವೆ ಅಂತ ತೋರಿಸಬೇಕು. ಮೊದಲು ಬ್ಯಾಂಕಿಗೆ ಹೋಗಿ ರಿಜಿಸ್ಟರಿನಲ್ಲಿ ಸಹಿ ಹಾಕಿದರೆ ಮುಗೀತಿತ್ತು. 2014ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ 'ಜೀವನ್ ಪ್ರಮಾಣ್' ತಂತು. ಆಧಾರ್ ಇಟ್ಟುಕೊಂಡು ಬೆರಳಚ್ಚು ಕೊಟ್ಟರೆ ಸಾಕು ಅಂದರು. ಬೆರಳು ಸವೆದ ಮುದುಕರಿಗೆ ಅದು ಹತ್ತಲಿಲ್ಲ. 2021ರಲ್ಲಿ ಮೊಬೈಲ್ ಕ್ಯಾಮೆರಾದಲ್ಲಿ ಮುಖ ನೋಡಿ ಗುರುತಿಸೋ ಸೌಲಭ್ಯ ಬಂತು. ಒಳ್ಳೇದೇ. ಮನೆಯಲ್ಲೇ ಕೂತು ಪಿಂಚಣಿ ಉಳಿಸಿಕೊಂಡವರು ಎಷ್ಟೋ ಜನ ಇದ್ದಾರೆ. ನಾನು ತಂತ್ರಜ್ಞಾನದ ವಿರೋಧಿ ಅಲ್ಲ, ನನ್ನ ಅನ್ನವೇ ಅದು.

ಆದರೆ ಈ ಎಲ್ಲಾ ಬಾಗಿಲುಗಳ ಹಿಂದೆ ಒಬ್ಬ ಕಾವಲುಗಾರ ಕೂತಿದ್ದಾನೆ. ಅವನ ಹೆಸರು ಒಟಿಪಿ. ಅವನು ಭಾರತದ ನಂಬರಿಗೆ ಮಾತ್ರ ಮಾತಾಡ್ತಾನೆ. ಅಪ್ಪನ ಸಿಮ್ ಜನವಾಡದಲ್ಲಿದ್ದಾಗ ತಗೊಂಡದ್ದು. ರೀಚಾರ್ಜ್ ಮಾಡಿಸೋದು ನನ್ನ ಕೆಲಸವಾಗಿತ್ತು, ಮರೆತೆ. 90 ದಿನ ಬಳಸದೆ ಬಿಟ್ಟರೆ ನಂಬರ್ ಕೈತಪ್ಪುತ್ತೆ, ಆಮೇಲೆ ಬೇರೆಯವರಿಗೆ ಹೋಗುತ್ತೆ. ಹೋಯ್ತು. ಆ ನಂಬರಿನ ಜೊತೆ ಆಧಾರ್ ಹೋಯ್ತು, ನೆಟ್ ಬ್ಯಾಂಕಿಂಗ್ ಹೋಯ್ತು. ಹೊಸ ನಂಬರ್ ಸೇರಿಸಿ ಅಂದರೆ, "ಖುದ್ದಾಗಿ ಬಂದು ಬೆರಳಚ್ಚು ಕೊಡಲಿ" ಅಂದರು. ಎಪ್ಪತ್ತರ ಹತ್ತಿರದ ಮನುಷ್ಯ, ಒಂದು ಎಸ್ಸೆಮ್ಮೆಸ್ಸಿಗಾಗಿ ಎರಡು ವಿಮಾನ ಹತ್ತಿ ಬರಬೇಕು!

ಕಾಗದದ ದಾರಿಯೂ ಇದೆ. ವಿದೇಶದಲ್ಲಿರೋರು ಭಾರತೀಯ ಕಾನ್ಸುಲೇಟಿನ ಅಧಿಕಾರಿ ಎದುರು ಸಹಿ ಹಾಕಿ ಪ್ರಮಾಣಪತ್ರ ಪಡೆದು ಕಳಿಸಬಹುದು. ಅಣ್ಣ ರಜೆ ಹಾಕಿ, ನಾಲ್ಕು ಗಂಟೆ ಕಾರು ಓಡಿಸಿ, ಅಪ್ಪನ್ನ ಕರಕೊಂಡು ಹೋಗಿ ಮಾಡಿಸಿದ. ಆ ಕಾಗದ ಅಂಚೆಯಲ್ಲಿ ಬೀದರ್ ಮುಟ್ಟೋ ಹೊತ್ತಿಗೆ ಡಿಸೆಂಬರ್ ಬಂದಿತ್ತು. ಬ್ಯಾಂಕಿನವರು ನೋಡಿ, "ಇದು ನಮ್ಮ ನಮೂನೆ ಅಲ್ಲ" ಅಂದರು. ಜೊತೆಗೆ ಇನ್ನೊಂದು ಹೊಸ ಪಾಠ: ಹೊರದೇಶದಲ್ಲಿ ನೆಲೆಸಿದ ಮೇಲೆ ಇಲ್ಲಿಯ ಮಾಮೂಲಿ ಉಳಿತಾಯ ಖಾತೆ ನಡೆಯಲ್ಲ, ಎನ್‌ಆರ್‌ಒ ಖಾತೆ ಮಾಡಿಸಬೇಕು. ಕಾನೂನು ಅದೇ, ಸರಿ. ಆದರೆ ಎನ್‌ಆರ್‌ಒ ಆದ ಕೂಡಲೇ ಠೇವಣಿ ಬಡ್ಡಿ ಮೇಲೆ ಶೇ 30 ತೆರಿಗೆ ಮೊದಲೇ ಕಡಿತ, ಮೇಲೆ ಸೆಸ್ಸು. ಅಪ್ಪ ಪ್ರತಿವರ್ಷ ಕೊಡುತ್ತಿದ್ದ 15ಎಚ್ ಫಾರ್ಮು ಇಲ್ಲೇ ವಾಸ ಮಾಡೋರಿಗಷ್ಟೇ. ಕಡಿತ ಆದದ್ದು ವಾಪಸ್ ಬೇಕಾ? ರಿಟರ್ನ್ ಸಲ್ಲಿಸಿ. ಸಲ್ಲಿಸೋಕೆ ಲಾಗಿನ್ ಆಗಬೇಕು. ಲಾಗಿನ್ ಆಗೋಕೆ? ಮತ್ತೆ ಒಟಿಪಿ.

ಹಂಗಂತ ಅಮೆರಿಕವೇನು ಅಪ್ಪನಿಗೆ ಪೀಠ ಹಾಕಿ ಕೂಡಿಸಿಲ್ಲ. 65 ದಾಟಿದ ಗ್ರೀನ್ ಕಾರ್ಡಿನವರಿಗೆ ಸರ್ಕಾರದ ಮೆಡಿಕೇರ್ ವಿಮೆ ಸಿಗಬೇಕಾದರೆ ಐದು ವರ್ಷ ಬಿಡದೆ ಅಲ್ಲಿ ವಾಸ ಮಾಡಿರಬೇಕು. ಆಮೇಲೂ, ಅಲ್ಲಿ ದುಡಿದು ತೆರಿಗೆ ಕಟ್ಟದವರು ಆಸ್ಪತ್ರೆ ಭಾಗಕ್ಕೇ 2025ರ ಲೆಕ್ಕದಲ್ಲಿ ತಿಂಗಳಿಗೆ 518 ಡಾಲರ್ ಕಟ್ಟಬೇಕು. ಊರಿಗೆ ಬಂದು ಆರು ತಿಂಗಳು ಮೀರಿ ಕೂತರೆ ಏರ್‌ಪೋರ್ಟಿನಲ್ಲಿ "ನೀವು ನಿಜವಾಗಿ ಇಲ್ಲೇ ವಾಸ ಮಾಡೋರಾ?" ಅಂತ ಪ್ರಶ್ನೆ ಶುರು. ಇಲ್ಲಿ 'ಬದುಕಿದ್ದೀಯಾ' ಅಂತ ಕೇಳ್ತಾರೆ, ಅಲ್ಲಿ 'ಇಲ್ಲೇ ಇದ್ದೀಯಾ' ಅಂತ ಕೇಳ್ತಾರೆ.

ಬೇರೆ ದೇಶಗಳೂ ಏನು ಕಡಿಮೆ ಇಲ್ಲ. ಬ್ರಿಟನ್ 2012ರಲ್ಲಿ ವಯಸ್ಸಾದ ತಂದೆ-ತಾಯಿಯ ವೀಸಾ ನಿಯಮ ಎಷ್ಟು ಬಿಗಿ ಮಾಡಿತು ಅಂದರೆ ಬಾಗಿಲು ಹೆಚ್ಚೂಕಡಿಮೆ ಮುಚ್ಚಿಹೋಯ್ತು. ಆಸ್ಟ್ರೇಲಿಯಾದಲ್ಲಿ ಕಡಿಮೆ ಶುಲ್ಕದ ಪೇರೆಂಟ್ ವೀಸಾಕ್ಕೆ ಈಗ ಅರ್ಜಿ ಹಾಕಿದರೆ ಸರದಿ ಬರೋದು ಸುಮಾರು 30 ವರ್ಷಕ್ಕೆ ಅಂತ ಅಲ್ಲಿಯ ಸರ್ಕಾರವೇ ಹೇಳುತ್ತೆ. 65ರಲ್ಲಿ ಅರ್ಜಿ ಹಾಕಿದ ಅವ್ವ 95ಕ್ಕೆ ಮೊಮ್ಮಗನ ಮನೆಗೆ ಬರಬಹುದು!

ಮೋಸ ತಡೆಯೋಕೆ ಇದೆಲ್ಲ ಬೇಕಲ್ವಾ ಅಂತೀರಿ. ನಿಜ, ಸತ್ತವರ ಹೆಸರಲ್ಲಿ ಪಿಂಚಣಿ ತಿನ್ನೋರು ಇದ್ದಾರೆ. ತಪಾಸಣೆ ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಸಾವು ಸಂಭವಿಸಿದ 21 ದಿನದೊಳಗೆ ನೋಂದಣಿಗೆ ತಿಳಿಸಬೇಕು ಅನ್ನೋ ವ್ಯವಸ್ಥೆ ಈ ದೇಶದಲ್ಲಿದೆ, ಅದರ ಕಾನೂನು 1969ರದ್ದು. 2023ರ ತಿದ್ದುಪಡಿಯಲ್ಲಿ ದೇಶಕ್ಕೆಲ್ಲ ಒಂದೇ ದತ್ತಾಂಶಕೋಶವೂ ಬಂತು. ಸತ್ತವರ ಪಟ್ಟಿ ಇಟ್ಟುಕೊಳ್ಳೋದು, ಅದನ್ನ ಪಿಂಚಣಿ ಪಟ್ಟಿ ಜೊತೆ ತಾಳೆ ನೋಡೋದು ಸರ್ಕಾರದ ಕೆಲಸ. ಅದು ಬಿಟ್ಟು, ಬದುಕಿದ್ದೋರೆಲ್ಲ ವರ್ಷಕ್ಕೊಮ್ಮೆ ಬಂದು "ನಾ ಇನ್ನೂ ಅದೀನ್ರಿ ಸಾಹೇಬ್ರ" ಅಂತ ಕೈಮುಗೀಬೇಕು ಅಂದರೆ ಅದು ಯಾವ ನ್ಯಾಯ?

ಹೊರದೇಶದಲ್ಲಿರೋರ ಸಾವು ಇಲ್ಲಿಯ ಪಟ್ಟಿಗೆ ಬರಲಿಕ್ಕಿಲ್ಲ, ಅವರಿಗೆ ಪ್ರಮಾಣಪತ್ರ ಇರಲಿ, ಒಪ್ಪಿದೆ. ಬ್ರಿಟನ್ನೂ ಹೊರದೇಶದಲ್ಲಿರೋ ತನ್ನ ಪಿಂಚಣಿದಾರರನ್ನ ಬದುಕಿದ್ದೀರಾ ಅಂತ ಕೇಳುತ್ತೆ. ಆದರೆ ಫಾರ್ಮನ್ನ ತಾನೇ ಅಂಚೆಯಲ್ಲಿ ಮನೆಗೆ ಕಳಿಸುತ್ತೆ. ಹತ್ತಿರದ ಡಾಕ್ಟರಂಥ ಸಾಕ್ಷಿಯೊಬ್ಬರ ಎದುರು ಸಹಿ ಹಾಕಿ ವಾಪಸ್ ಕಳಿಸಿದರೆ ಆಯ್ತು. ಅವರನ್ನೂ ಹೊಗಳಬೇಡಿ, ಭಾರತದಂಥ ದೇಶಗಳಿಗೆ ಹೋಗಿ ನೆಲೆಸಿದವರ ಪಿಂಚಣಿಯನ್ನ ಅವರು ವರ್ಷವರ್ಷ ಏರಿಸೋದೇ ಇಲ್ಲ. ಆದರೂ ಕೇಳೋ ರೀತಿಯಲ್ಲಿ ಒಂದು ಮರ್ಯಾದೆ ಇದೆ. ಕೇಳೋನು ಮನೆಬಾಗಿಲಿಗೆ ಬರ್ತಾನೆ.

ಇಷ್ಟು ಹೊತ್ತು ಸರ್ಕಾರ, ಬ್ಯಾಂಕು ಅಂದೆ. ಈಗ ನಮ್ಮ ಸರದಿ.

ನಾನೂ ಒಮ್ಮೆ ಒಟಿಪಿ ಪರದೆ ಬರೆದಿದ್ದೀನಿ. ಹತ್ತು ಅಂಕಿ ಮೊಬೈಲ್ ನಂಬರ್, ಮುಂದೆ +91 ಅಂತ ಕೋಡಿನಲ್ಲೇ ಕಟ್ಟಿಹಾಕಿದೆ. ಮೂವತ್ತು ಸೆಕೆಂಡು ಟೈಮರ್. "ನಂಬರ್ ಬದಲಾದರೆ?" ಅಂತ ಟೆಸ್ಟಿಂಗ್ ಮಾಡೋ ಹುಡುಗಿ ಕೇಳಿದಳು. "ಅದು ಎಡ್ಜ್ ಕೇಸು, ಮುಂದಿನ ರಿಲೀಸಿಗೆ ನೋಡೋಣ" ಅಂದೆ. ಆ ಮುಂದಿನ ರಿಲೀಸು ಬರಲೇ ಇಲ್ಲ. ನಾವು ಆಫೀಸಿನಲ್ಲಿ ಕಾಫಿ ಕುಡೀತಾ ಎಡ್ಜ್ ಕೇಸು ಅಂತ ಪಕ್ಕಕ್ಕೆ ಸರಿಸಿದ್ದು ಯಾರನ್ನ? ಮಂಗನ ಟೋಪಿ ಹಾಕಿಕೊಂಡು ರಾತ್ರಿ ಹನ್ನೊಂದೂವರೆಗೆ ಎದ್ದು ಕೂತ ಅಪ್ಪನನ್ನ.

ಇದಕ್ಕಿಂತ ದೊಡ್ಡ ತಪ್ಪು ಮನೆಯೊಳಗೇ ಆಯ್ತು. ಪಿಂಚಣಿ ನಿಂತಾಗ ಅಣ್ಣ, "ಅಪ್ಪಾ, ಹೋಗ್ಲಿ ಬಿಡು. ಆ ರೊಕ್ಕ ಎಷ್ಟಂತ? ನಾ ಕೊಡ್ತೀನಲ್ಲ" ಅಂದ. ನಾನೂ ಫೋನಿನಲ್ಲಿ ಹೂಂ ಅಂದೆ, ಓಡಾಟ ತಪ್ಪುತ್ತಲ್ಲ ಅಂತ. ಅಪ್ಪ ಸಿಟ್ಟಾಗಲಿಲ್ಲ. "ಅದು ನಿನ್ನ ರೊಕ್ಕ. ಇದು ನಂದು" ಅಂದ, ಅಷ್ಟೇ.

ಪ್ರತಿವರ್ಷ ಜನವರಿ 26ಕ್ಕೆ ತಾನು ಕಡೆಗೆ ಕೆಲಸ ಮಾಡಿದ ಶಾಲೆಯ ಮಕ್ಕಳಿಗೆ ನೋಟ್‌ಬುಕ್ಕು, ಪೆನ್ನು ಕೊಡೋದು ಅಪ್ಪನ ಪದ್ಧತಿ. ತನ್ನ ಪಿಂಚಣಿಯಿಂದಲೇ. ಅಮೆರಿಕಕ್ಕೆ ಹೋದ ಮೇಲೂ ನನ್ನ ಕೈಲಿ ಕೊಡಿಸುತ್ತಿದ್ದ. ಈ ಸಲ ಅಣ್ಣ ದುಡ್ಡು ಕಳಿಸ್ತೀನಿ ಅಂದರೂ ಬೇಡ ಅಂದ. ಆ ಜನವರಿ ನೋಟ್‌ಬುಕ್ಕು ಹೋಗಲಿಲ್ಲ. ನಮಗದು ಹಟ ಅನ್ನಿಸಿತು. ಆಮೇಲೆ ಹೊಳೀತು: ಬಸ್ಸಿಲ್ಲದ ಬೀದಿ, ಬಾರದ ಭಾಷೆ, ಅಂಗಡಿಗೆ ಹೋಗಬೇಕಂದರೂ ಮಗನ ಕಾರು. ಅಂಥ ಊರಿನಲ್ಲಿ ಅವನ ಹತ್ತಿರ 'ನಂದು' ಅನ್ನೋಕೆ ಉಳಿದಿದ್ದು ಅದೊಂದೇ.

1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಇದನ್ನೇ. ಪಿಂಚಣಿ ಸರ್ಕಾರ ಹಾಕೋ ಭಿಕ್ಷೆಯಲ್ಲ, ದುಡಿದವರ ಹಕ್ಕು. ಅದಕ್ಕೇ ಆ ದಿನವನ್ನ ಪಿಂಚಣಿದಾರರ ದಿನ ಅಂತ ಆಚರಿಸ್ತಾರೆ. ಸರ್ಕಾರದ ಭಿಕ್ಷೆಯಲ್ಲ ಅಂದ ಮೇಲೆ, ಅದನ್ನ ತೆಗೆದು ಮಗನ ಭಿಕ್ಷೆ ಮಾಡೋಕೆ ನಾವ್ಯಾರು? ಅಪ್ಪನ ಹಕ್ಕು ತಪ್ಪಿದಾಗ ಅದರ ಜಾಗದಲ್ಲಿ ನಮ್ಮ ಸಂಬಳ ತುಂಬೋದನ್ನ ನಾವು ಪ್ರೀತಿ ಅಂದುಕೊಂಡಿದ್ದೀವಿ. ನಿಜ ಹೇಳಬೇಕಂದರೆ ಅದು ಸೋಮಾರಿತನ.

ಹಾಗಾಗಿ ಬೇಡಿಕೆ ಸರಳ. ಪ್ರಮಾಣಪತ್ರ ಬರಲಿಲ್ಲ ಅಂತ ನಿಲ್ಲಿಸೋ ಮೊದಲು ಪತ್ರ ಹಾಕಿ, ಇಮೇಲ್ ಮಾಡಿ, ಫೋನ್ ಮಾಡಿ ಕೇಳಲಿ, ಮೂರು ತಿಂಗಳು ಗಡುವು ಕೊಡಲಿ. ಕಾನ್ಸುಲೇಟಿನ ಮುದ್ರೆ ಇದ್ದ ಕಾಗದವನ್ನ ನಮೂನೆಯ ನೆಪ ಹೇಳಿ ತಳ್ಳಬಾರದು. ಹೊರದೇಶದ ನಂಬರಿಗೂ, ಇಮೇಲಿಗೂ ಒಟಿಪಿ ಹೋಗಲಿ. ಆಗಲ್ಲ ಅನ್ನಬೇಡಿ. ಅಮೆರಿಕ, ಬ್ರಿಟನ್, ಸೌದಿ, ಯುಎಇ ಸೇರಿ ಹತ್ತು ದೇಶಗಳ ನಂಬರಿಗೆ, ಎನ್‌ಆರ್‌ಇ, ಎನ್‌ಆರ್‌ಒ ಖಾತೆ ಇದ್ದರೆ, ಯುಪಿಐ ಕೊಡಲು 2023ರಲ್ಲೇ ಒಪ್ಪಿಗೆ ಸಿಕ್ಕಿದೆ. ದುಡ್ಡು ಖರ್ಚು ಮಾಡೋಕೆ ಆ ನಂಬರ್ ಆಗುತ್ತೆ, ಬದುಕಿದ್ದೀನಿ ಅನ್ನೋಕೆ ಆಗಲ್ವಾ?

ಅಪ್ಪನ ಪಿಂಚಣಿ ಮಾರ್ಚಿನಲ್ಲಿ ಬಾಕಿ ಸಮೇತ ಬಂತು. ಮೂರನೇ ಸಲ ಕಳಿಸಿದ ಕಾಗದ ಸಿಸ್ಟಮ್ಮಿಗೆ ರುಚಿಸಿತು. ಮಾರನೇ ದಿನವೇ ಅಪ್ಪ ಫೋನ್ ಮಾಡಿ, ಎಷ್ಟು ನೋಟ್‌ಬುಕ್ಕು ಬೇಕು ಅಂತ ಶಾಲೆಯಲ್ಲಿ ಕೇಳಿಕೊಂಡು ಬಾ ಅಂದ. ಪರೀಕ್ಷೆ ಹತ್ತಿರ ಬಂದಿತ್ತು. ಮಕ್ಕಳಿಗೆ ಆಗ ಬೇಕಾಗಿದ್ದು ಪೆನ್ನು ಮಾತ್ರ.

ಮತ್ತೆ ನವೆಂಬರ್ ಬರುತ್ತೆ. ನಿಮ್ಮ ಅಪ್ಪ-ಅವ್ವ ಅಕ್ಕನ ಮನೇಲೋ ಅಣ್ಣನ ಮನೇಲೋ ಹೊರದೇಶದಲ್ಲಿದ್ದರೆ ಇವತ್ತೇ ಒಂದು ಕೆಲಸ ಮಾಡಿ. ಅವರ ಸಿಮ್ ರೀಚಾರ್ಜ್ ಯಾವತ್ತು ಮುಗಿಯುತ್ತೆ ನೋಡಿ. ಆಮೇಲೆ ಆಫೀಸಿಗೆ ಹೋಗಿ, ನೀವು ಬರೆದ ಒಟಿಪಿ ಪರದೆ ತೆಗೆದು, +91 ಅಂತ ಎಲ್ಲಿ ಕಟ್ಟಿಹಾಕಿದ್ದೀರಿ ಹುಡುಕಿ. ನಾನು ಹುಡುಕಿದೆ. ತಿದ್ದೋಕೆ ಹಿಡಿದದ್ದು ಬರೀ ಎರಡು ದಿನ.