ತೆರೆಯ ಮುಂದಿನ ತಾಲೀಮನ್ನು ಆಟ ಎನ್ನುವವರಿಗೆ

ವಾಯು ರಕ್ಷಣಾ ಸಿಬ್ಬಂದಿಗೆ ಕಂಪ್ಯೂಟರ್ ಸಿಮ್ಯುಲೇಷನ್ ಮೇಲೆ ತರಬೇತಿ ಕೊಡುವುದನ್ನು, ಅದನ್ನೇ ನಂಬಿ ಯೋಜನೆ ಹಾಕುವುದನ್ನು ವಿರೋಧಿಸುವವರಲ್ಲಿ ಸೇನೆಯ ಬಗ್ಗೆ ನಿಜವಾದ ಕಾಳಜಿಯುಳ್ಳವರೇ ಹೆಚ್ಚು. ರಕ್ಷಣಾ ಸಚಿವಾಲಯ 2021ರಲ್ಲಿ ಮೂರೂ ಪಡೆಗಳಲ್ಲಿ ಸಿಮ್ಯುಲೇಟರ್ ಬಳಕೆ ಹೆಚ್ಚಿಸಲು ನೀತಿ ಚೌಕಟ್ಟನ್ನು ಹೊರಡಿಸಿತು. ದುಡ್ಡು ಉಳಿಯುತ್ತದೆ ಎಂಬ ಸಮರ್ಥನೆಯೇ ಈ ವಿಷಯದಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಅದು ದುರ್ಬಲ ಸಮರ್ಥನೆ. ವಿರೋಧಿಗಳ ಮಾತಿಗೆ ಬೇರೆ ನೆಲೆಯಿಂದಲೇ ಉತ್ತರ ಕೊಡಬೇಕು.

ಅವರ ಮೊದಲ ಮಾತು: ಸೈನಿಕ ನಿಜವಾದ ಗುಂಡು ಹಾರಿಸಿಯೇ ಕಲಿಯಬೇಕು.

ಹಾರಿಸಲಿ, ಬೇಡ ಎಂದವರಾರು? ಒಡಿಶಾದ ಗೋಪಾಲಪುರದಲ್ಲಿ ಭೂಸೇನೆಯ ವಾಯು ರಕ್ಷಣಾ ಕಾಲೇಜು ಇದೆ, ಗುಂಡು ಹಾರಿಸುವ ರೇಂಜ್ ಇದೆ. ಗುರಿಯಾಗಿ ಹಾರಲೆಂದು ಬೆಂಗಳೂರಿನ ರಕ್ಷಣಾ ಪ್ರಯೋಗಾಲಯ ಎಡಿಇ ರೂಪಿಸಿದ ಚಾಲಕರಹಿತ ವಿಮಾನ ‘ಲಕ್ಷ್ಯ’ ಇದೆ. ಫಿರಂಗಿಯ ಸದ್ದು ಎದೆಗೆ ಬಡಿಯದೆ ಗನ್ನರ್ ತಯಾರಾಗುವುದಿಲ್ಲ, ನಿಜ. ಆದರೆ ಬರುತ್ತಿರುವುದು ಯಾರ ವಿಮಾನ ಎಂಬ ಪ್ರಶ್ನೆ ರೇಂಜ್‌ನಲ್ಲಿ ಏಳುವುದೇ ಇಲ್ಲ. ಅಲ್ಲಿ ಗುರಿಯಾಗಿ ಬರುವುದೆಲ್ಲ ಹೊಡೆಯಲೆಂದೇ ಹಾರಿಬಿಟ್ಟದ್ದು. ಪ್ರಶ್ನೆಪತ್ರಿಕೆ ಮೊದಲೇ ಕೈಗೆ ಸಿಕ್ಕ ಪರೀಕ್ಷೆ ಅದು.

2019ರ ಫೆಬ್ರುವರಿ 27ರಂದು ಕಾಶ್ಮೀರದ ಬಡ್ಗಾಂನಲ್ಲಿ ನಡೆದದ್ದನ್ನು ಇಲ್ಲಿ ನೆನೆಯಲೇಬೇಕು. ನಮ್ಮ ವಾಯುಪಡೆಯ ಬಾಲಾಕೋಟ್ ದಾಳಿಯ ಮರುದಿನ, ಪಾಕಿಸ್ತಾನದ ವಿಮಾನಗಳು ಗಡಿಯ ಬಳಿ ಸುಳಿಯುತ್ತಿದ್ದ ಹೊತ್ತು. ಶ್ರೀನಗರದಿಂದ ಮೇಲೆದ್ದ ನಮ್ಮದೇ ಎಂಐ–17 ವಿ5 ಹೆಲಿಕಾಪ್ಟರನ್ನು ನಮ್ಮದೇ ಸ್ಪೈಡರ್ ಕ್ಷಿಪಣಿ ಹೊಡೆದುರುಳಿಸಿತು. ವಾಯುಪಡೆಯ ಆರು ಮಂದಿ, ನೆಲದಲ್ಲಿದ್ದ ಒಬ್ಬ ನಾಗರಿಕ ಸತ್ತರು. ಆ ವರ್ಷದ ಅಕ್ಟೋಬರ್‌ನಲ್ಲಿ ವಾಯುಪಡೆಯ ಮುಖ್ಯಸ್ಥ ಆರ್.ಕೆ.ಎಸ್. ಭದೌರಿಯಾ ಅದು ನಮ್ಮದೇ ದೊಡ್ಡ ತಪ್ಪು ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಕ್ಷಿಪಣಿ ಗುರಿ ತಪ್ಪಿರಲಿಲ್ಲ. ಹಾರಿಸಬಾರದ ಕಡೆ ಹಾರಿಸಲಾಗಿತ್ತು.

ಹಾರಿಸದೆ ಇರುವುದನ್ನು ಕಲಿಸುವುದು ಹೇಗೆ? ರೇಂಜ್‌ನಲ್ಲಿ ನಮ್ಮವರೇ ಕೂತ ಹೆಲಿಕಾಪ್ಟರನ್ನು ಕ್ಷಿಪಣಿಯ ಮುಂದೆ ತಂದು ನಿಲ್ಲಿಸಿ ಕಲಿಸಲಾಗದು. ಸಿಮ್ಯುಲೇಟರ್ ಕೋಣೆಯಲ್ಲಿ ಕಲಿಸಬಹುದು. ಹಿಂದಿನ ಮೇಜಿನಲ್ಲಿ ಕೂತ ಬೋಧಕ ತೆರೆಯ ಮೇಲೆ ಒಂದೊಂದಾಗಿ ಗುರುತುಗಳನ್ನು ಬಿಡುತ್ತಾ ಹೋಗುತ್ತಾನೆ. ಒಂದು ಗುರುತು ಕೆಳಮಟ್ಟದಲ್ಲಿ, ನಿಧಾನವಾಗಿ, ನೇರ ನೆಲೆಯತ್ತ ಬರುತ್ತಿದೆ. ಸ್ವಪಕ್ಷದ ಗುರುತು ಹೇಳುವ ಐಎಫ್ಎಫ್ ಉತ್ತರ ಅದರಿಂದ ಬರುತ್ತಿಲ್ಲ. ಆ ಹೊತ್ತಿಗೇ ಬೋಧಕ ಮೇಲಿನ ಕೇಂದ್ರದ ಲೈನ್ ಕಡಿದುಹಾಕುತ್ತಾನೆ. ಕಿವಿಯಲ್ಲಿ ಎರಡು ಧ್ವನಿ, ಎರಡೂ ಒಂದಕ್ಕೊಂದು ವಿರುದ್ಧ. ಅರ್ಧ ನಿಮಿಷದಲ್ಲಿ ತೀರ್ಮಾನ ಆಗಬೇಕು. ತಾಲೀಮಿಗೆ ಕೂತ ಹುಡುಗ ಗುಂಡಿ ಒತ್ತಿಬಿಟ್ಟರೆ ಯಾರೂ ಸಾಯುವುದಿಲ್ಲ. ಇಡೀ ಘಟನೆಯನ್ನು ಮತ್ತೆ ಓಡಿಸಿ, ಯಾವ ಸೆಕೆಂಡಿನಲ್ಲಿ ಏನು ಕಾಣುತ್ತಿತ್ತು, ನೀನು ಏನು ನೋಡಲಿಲ್ಲ ಎಂದು ಅವನೆದುರೇ ತೋರಿಸಬಹುದು. ಮರುದಿನ ಮತ್ತೆ ಕೂರಿಸಬಹುದು.

ಎರಡನೆಯ ಆಕ್ಷೇಪ: ಎಸಿ ಕೋಣೆಯಲ್ಲಿ ಸಾವಿನ ಭಯವಿಲ್ಲ, ಆದ್ದರಿಂದ ಅಲ್ಲಿ ಕಲಿತದ್ದು ಯುದ್ಧದಲ್ಲಿ ಉಳಿಯುವುದಿಲ್ಲ. ಭಯ ಇರುವುದಿಲ್ಲ, ಒಪ್ಪುತ್ತೇನೆ. ಆದರೆ ಭಯ ಏನು ಮಾಡುತ್ತದೆ ಎಂಬುದಕ್ಕೆ ದಾಖಲೆ ಇದೆ. 1988ರ ಜುಲೈ 3ರಂದು ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್, ಬಂದರ್ ಅಬ್ಬಾಸ್‌ನಿಂದ ಹೊರಟ ಇರಾನ್ ಏರ್ 655 ಪ್ರಯಾಣಿಕ ವಿಮಾನವನ್ನು ಏಳೇ ನಿಮಿಷದಲ್ಲಿ ಹೊಡೆದುಹಾಕಿತು. 290 ಮಂದಿ ಸತ್ತರು. ವಿಮಾನ ಮೇಲೇರುತ್ತಿದೆ ಎಂದೇ ಹಡಗಿನ ಏಜಿಸ್ ವ್ಯವಸ್ಥೆ ದಾಖಲಿಸಿತ್ತು. ಆದರೆ ಇರಾನಿ ದೋಣಿಗಳೊಂದಿಗೆ ಗುಂಡಿನ ಚಕಮಕಿಯಲ್ಲಿದ್ದ ಸಿಬ್ಬಂದಿ ಅದು ಕೆಳಗಿಳಿಯುತ್ತಾ ತಮ್ಮ ಮೇಲೆಯೇ ಬರುತ್ತಿದೆ ಎಂದು ವರದಿ ಮಾಡಿದರು. ಭಯದಲ್ಲಿ ಮನುಷ್ಯ ತಾನು ನಿರೀಕ್ಷಿಸಿದ್ದನ್ನೇ ಕಾಣುತ್ತಾನೆ. ಆ ಗಳಿಗೆಯಲ್ಲಿ ಎತ್ತರದ ಅಂಕಿಯನ್ನು ಮತ್ತೊಮ್ಮೆ ಓದುವುದು ಅಭ್ಯಾಸಬಲದಿಂದ ಮಾತ್ರ ಸಾಧ್ಯ, ಅಭ್ಯಾಸ ಬರುವುದು ನೂರಾರು ಸಲ ಮಾಡಿದಾಗ. ನೂರಾರು ಸಲ ಮಾಡಿಸಲು ಇನ್ನಾವ ದಾರಿಯಿದೆ, ಹೇಳಲಿ.

ಇನ್ನು ಅವರ ಅತ್ಯಂತ ಗಟ್ಟಿಯಾದ ವಾದ: ಸಾಫ್ಟ್‌ವೇರ್ ಬೇಕಾದವರಿಗೆ ಬೇಕಾದ ಉತ್ತರ ಕೊಡುತ್ತದೆ. ಇದಕ್ಕೆ ಅವರು ಕೊಡುವ ಉದಾಹರಣೆ ಅಮೆರಿಕದ 2002ರ ‘ಮಿಲೇನಿಯಂ ಚಾಲೆಂಜ್’ ಸಮರಾಭ್ಯಾಸ. ಎದುರು ಪಕ್ಷದ ಹೊಣೆ ಹೊತ್ತಿದ್ದ ನಿವೃತ್ತ ಲೆಫ್ಟಿನೆಂಟ್ ಜನರಲ್ ಪಾಲ್ ವ್ಯಾನ್ ರೈಪರ್ ರೇಡಿಯೊ ಬಿಟ್ಟು ಮೋಟಾರ್ ಸೈಕಲ್ ಸವಾರರ ಕೈಯಲ್ಲಿ ಸಂದೇಶ ಕಳಿಸಿ, ಲೆಕ್ಕದಲ್ಲಿ 16 ಹಡಗುಗಳನ್ನು ಮುಳುಗಿಸಿದರು. ಸಂಘಟಕರು ಹಡಗುಗಳನ್ನು ಮತ್ತೆ ತೇಲಿಸಿದರು; ವಾಯು ರಕ್ಷಣಾ ರೇಡಾರ್‌ಗಳನ್ನು ಹೊಡೆಯಲು ಅನುಕೂಲವಾಗುವಂತೆ ಚಾಲೂ ಇಡಿ ಎಂದೂ ಎದುರು ಪಕ್ಷಕ್ಕೆ ಹೇಳಿದರು. ವ್ಯಾನ್ ರೈಪರ್ ಹೊರನಡೆದರು. ಉದಾಹರಣೆ ಸರಿ, ತೀರ್ಮಾನ ತಪ್ಪು. ಹಡಗುಗಳು ಮುಳುಗುತ್ತವೆ ಎಂದು ಅಭ್ಯಾಸ ಸರಿಯಾಗಿಯೇ ಹೇಳಿತ್ತು. ಆ ಉತ್ತರವನ್ನು ಅಳಿಸಿದವರು ಅಧಿಕಾರಿಗಳು. ಹಾಗಾಗಿ ಫಲಿತಾಂಶವನ್ನು ಯಾವ ಹುದ್ದೆಯವರೂ ತಿದ್ದಕೂಡದು ಎಂಬ ನಿಯಮ ಬೇಕು. ಸಿಮ್ಯುಲೇಷನ್ನನ್ನೇ ಬಿಡಬೇಕೆಂಬುದು ಇದರಿಂದ ಹೊರಡುವುದಿಲ್ಲ.

ಯೋಜನೆಗೆ ಹಳಬರ ಅನುಭವ ಸಾಕು ಎನ್ನುವವರು ಒಂದು ಲೆಕ್ಕ ಮಾಡಿ ನೋಡಲಿ. ಭೂಮಿ ಗುಂಡಗಿರುವುದರಿಂದ, 10 ಮೀಟರ್ ಎತ್ತರದ ಆಂಟೆನಾಗೆ 100 ಮೀಟರ್ ಎತ್ತರದಲ್ಲಿ ಹಾರಿಬರುವ ವಿಮಾನ ಸಮತಟ್ಟು ಬಯಲಿನಲ್ಲೂ ಕಾಣಿಸುವುದು ಸುಮಾರು 54 ಕಿಲೋಮೀಟರ್ ದೂರದಿಂದ ಮಾತ್ರ. ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಆ ದೂರ ಮೂರೂವರೆ ನಿಮಿಷದ ಮಾತು. ಕಾಶ್ಮೀರದಲ್ಲಿ ನಡುವೆ ಬೆಟ್ಟ ಅಡ್ಡ ಬರುತ್ತದೆ, ಒಂದೊಂದು ಕಣಿವೆಗೂ ಅದರದೇ ಮರೆ. ರೇಡಾರನ್ನು ಒಂದು ದಿಣ್ಣೆಯಿಂದ ಪಕ್ಕದ ದಿಣ್ಣೆಗೆ ಸರಿಸಿದರೆ ಯಾವ ಮರೆ ತೆರೆಯುತ್ತದೆ, ಯಾವುದು ಮುಚ್ಚುತ್ತದೆ ಎಂಬುದನ್ನು ಎಂಥ ಅನುಭವಿಯೂ ತಲೆಯಲ್ಲಿ ಇಟ್ಟುಕೊಳ್ಳಲಾರ. ಅದಕ್ಕೆ ಲೆಕ್ಕವೇ ಬೇಕು, ಲೆಕ್ಕದ ಬಲಕ್ಕೆ ಹಳೆಯ ಸಾಕ್ಷಿಯೂ ಇದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಿಮಾನನಿರೋಧಕ ಫಿರಂಗಿಗಳು ಒಂದು ವಿಮಾನ ಉರುಳಿಸಲು ಸುಮಾರು 20,000 ಗುಂಡು ಸುಡುತ್ತಿದ್ದವು. ಪಿ.ಎಂ.ಎಸ್. ಬ್ಲ್ಯಾಕೆಟ್ ಎಂಬ ಭೌತವಿಜ್ಞಾನಿಯ ತಂಡ ಬಂದು ಲೆಕ್ಕ ಹಾಕಿ ಕೊಟ್ಟ ಮೇಲೆ, 1941ರ ಹೊತ್ತಿಗೆ ಅದು 4,000ಕ್ಕೆ ಇಳಿಯಿತು. ಸ್ವಾತಂತ್ರ್ಯದ ಹೊಸತರಲ್ಲಿ ನೆಹರೂ ರಕ್ಷಣಾ ವಿಜ್ಞಾನದ ಬಗ್ಗೆ ಸಲಹೆ ಕೇಳಿದ್ದೂ ಇದೇ ಬ್ಲ್ಯಾಕೆಟ್ ಅವರನ್ನು.

ವಿದೇಶಿ ಸಾಫ್ಟ್‌ವೇರ್‌ನಿಂದ ಗುಟ್ಟು ಸೋರುತ್ತದೆ ಎಂಬ ಆತಂಕಕ್ಕೆ ಉತ್ತರ ಸುಲಭ: ನಮ್ಮ ಅಂಕಿಅಂಶ ನಮ್ಮ ಸಾಫ್ಟ್‌ವೇರ್‌ನಲ್ಲೇ ಇರಲಿ. ಆಕಾಶ್ ಕ್ಷಿಪಣಿಯ ರಾಜೇಂದ್ರ ರೇಡಾರನ್ನು ಬೆಂಗಳೂರಿನದೇ ರಕ್ಷಣಾ ಪ್ರಯೋಗಾಲಯ ಎಲ್ಆರ್‌ಡಿಇ ರೂಪಿಸಿದೆ. ಅದು ಏನನ್ನು ಕಾಣುತ್ತದೆ, ಏನನ್ನು ಕಾಣದು ಎಂಬುದನ್ನು ಬರೆಯಬಲ್ಲವರು ಇಲ್ಲೇ ಇದ್ದಾರೆ.

2025ರ ಮೇ 8ರ ರಾತ್ರಿ ಲೇಹ್‌ನಿಂದ ಸರ್ ಕ್ರೀಕ್‌ವರೆಗೆ 36 ಕಡೆ ಪಾಕಿಸ್ತಾನದ 300ರಿಂದ 400 ಡ್ರೋನ್‌ಗಳು ಬಂದವು ಎಂದು ಸರ್ಕಾರ ಹೇಳಿತು. ಅಷ್ಟು ಗುರಿಗಳನ್ನು ಒಂದೇ ರಾತ್ರಿ ಹಾರಿಸಿ ತಾಲೀಮು ಕೊಡಬಲ್ಲ ರೇಂಜ್ ಎಲ್ಲಿದೆ? ಅವುಗಳ ನಡುವೆ ನಮ್ಮದೊಂದು ಹೆಲಿಕಾಪ್ಟರ್ ಬಂದರೆ ಅದನ್ನು ಗುರುತಿಸಲು ಕಲಿಸುವುದು ಎಲ್ಲಿ? ಸಚಿವಾಲಯಕ್ಕೆ ನನ್ನ ಒತ್ತಾಯ ಇಷ್ಟು: ಸ್ವಪಕ್ಷದ ವಿಮಾನ ಬೆರೆತ, ಐಎಫ್ಎಫ್ ಕೈಕೊಟ್ಟ, ಸಂಪರ್ಕ ಕಡಿದ ಸನ್ನಿವೇಶಗಳನ್ನು ಸಿಮ್ಯುಲೇಟರ್‌ನಲ್ಲಿ ಮತ್ತೆ ಮತ್ತೆ ಎದುರಿಸಿ ತೇರ್ಗಡೆಯಾಗದ ಯಾರನ್ನೂ ಕ್ಷಿಪಣಿಯ ಗುಂಡಿಯ ಮುಂದೆ ಕೂರಿಸಬೇಡಿ.