ಗುಳಿಗೆ ಕೇಳಿದರೆ ಗಂಡನನ್ನು ಕಳಿಸು ಎನ್ನುವವರು



ಕಳೆದ ತಿಂಗಳು ಡೋಣಿಯ ಸಂಘವೊಂದರ ಸಭೆಗೆ ಹೋಗಿದ್ದೆವು. ಉಳಿತಾಯದ ಲೆಕ್ಕ ಮುಗಿದು ಎಲ್ಲರೂ ಎದ್ದ ಮೇಲೆ ಒಬ್ಬಾಕೆ ಹಿಂದೆ ಉಳಿದಳು. ಮೂರು ಹೆಣ್ಣುಮಕ್ಕಳ ತಾಯಿ; ಕೊನೆಯ ಕೂಸಿಗೆ ಇನ್ನೂ ವರ್ಷ ತುಂಬಿಲ್ಲ. ಮದುವೆಯ ಮಾತುಕತೆಯಲ್ಲಿ ಒಪ್ಪಿದ ಬಂಗಾರದಲ್ಲಿ ಒಂದು ತೊಲೆ ಬಾಕಿ ಉಳಿದದ್ದು ಏಳು ವರ್ಷಗಳಿಂದ ಆಕೆ ತಿನ್ನುತ್ತಿರುವ ಪೆಟ್ಟಿಗೆ ಒಂದು ನೆಪ. ಗಂಡುಮಗು ಹುಟ್ಟದಿರುವುದು ಇನ್ನೊಂದು. ಈಗಲೇ ಮತ್ತೊಂದು ಬಸಿರು ಬೇಡವೆಂದು ಔಷಧಿ ಅಂಗಡಿಗೆ ಹೋಗಿ ಗುಳಿಗೆ ಕೇಳಿದರೆ, ಅಂಗಡಿಯವನು "ನಿನ್ನ ಗಂಡನ್ನ ಕಳಸವಾ, ಅಂವಗ ಕೊಡ್ತೀನಿ" ಎಂದನಂತೆ. ಸಂಜೆಯೊಳಗೆ ಸುದ್ದಿ ಅತ್ತೆಯ ಕಿವಿ ಮುಟ್ಟಿತ್ತು. "ಅವತ್ತಿನ ರಾತ್ರಿ ಹ್ಯಾಂಗ ಕಳದ್ನಿ ಅಂತ ಮಾತ್ರ ಕೇಳಬ್ಯಾಡ್ರಿ ಅಕ್ಕೋರ" ಎಂದಳು. ನಾವು ಕೇಳಲಿಲ್ಲ.

ಅಂಗಡಿಯವನು ಹಾಕಿದ ಷರತ್ತು ಯಾವ ಕಾನೂನಿನಲ್ಲೂ ಇಲ್ಲ. ನಿತ್ಯ ನುಂಗುವ ಗರ್ಭನಿರೋಧಕ ಗುಳಿಗೆಗಳಲ್ಲಿರುವ ಔಷಧಗಳು ವೈದ್ಯರ ಚೀಟಿ ಬೇಕಾದವುಗಳ ಪಟ್ಟಿಯಲ್ಲಿವೆ, ನಿಜ. ಆದರೆ ಗರ್ಭನಿರೋಧಕ್ಕೆಂದು ಗೊತ್ತುಮಾಡಿದ ಪ್ರಮಾಣದಲ್ಲಿದ್ದರೆ ಅವುಗಳಿಗೆ ಔಷಧ ನಿಯಮಗಳ 'ಕೆ' ಅನುಸೂಚಿ ವಿನಾಯಿತಿ ಕೊಟ್ಟಿದೆ. 72 ಗಂಟೆಗಳೊಳಗೆ ತೆಗೆದುಕೊಳ್ಳುವ ತುರ್ತು ಗುಳಿಗೆಯೂ 2005ರಿಂದ ಚೀಟಿಯಿಲ್ಲದೆ ಸಿಗುತ್ತಿದೆ. 2024ರಲ್ಲಿ ಈ ಗುಳಿಗೆಗಳಿಗೆ ಮತ್ತೆ ಚೀಟಿ ಕಡ್ಡಾಯವಾಗುತ್ತದೆಂಬ ಸುದ್ದಿ ಹಬ್ಬಿತು. ಹಾಗೇನೂ ಬದಲಾವಣೆ ಇಲ್ಲವೆಂದು ಕೇಂದ್ರ ಸರಕಾರವೇ ಹೇಳಬೇಕಾಯಿತು. ಅಮೆರಿಕದಲ್ಲಿ ನಿತ್ಯದ ಗುಳಿಗೆಯೊಂದನ್ನು ಚೀಟಿಯಿಲ್ಲದೆ ಮಾರಲು ಮೊದಲ ಬಾರಿಗೆ ಒಪ್ಪಿಗೆ ಸಿಕ್ಕಿದ್ದು 2023ರಲ್ಲಿ. ಅಂದರೆ ಬರೆದಿಟ್ಟ ಕಾನೂನಿನಲ್ಲಿ ನಾವು ಅವರಿಗಿಂತ ಮುಂದೆ! ತಮಿಳುನಾಡಿನ ಉದಾಹರಣೆಯೂ ಇದೆ. ಅಲ್ಲಿ ತುರ್ತು ಗುಳಿಗೆಗೆ ನಿಷೇಧವಿಲ್ಲದಿದ್ದರೂ ಎಷ್ಟೋ ವರ್ಷ ಬಹಳಷ್ಟು ಅಂಗಡಿಗಳು ಅದನ್ನು ತರಿಸಲೇ ಇಲ್ಲ. ಹೆಣ್ಣಿಗೂ ಗುಳಿಗೆಗೂ ನಡುವೆ ಅಂಗಡಿಯ ಕಟ್ಟೆಯೊಂದಿದೆ, ಅದರ ಆಚೆ ಊರಿನ ಒಬ್ಬ ಗಂಡಸು ನಿಂತಿದ್ದಾನೆ. ಕಾನೂನು ಮಾಡುವವರ ಕಣ್ಣಿಗೆ ಅವನು ಬೀಳುವುದಿಲ್ಲ.

1930ರಲ್ಲಿ ಮೈಸೂರು ಸಂಸ್ಥಾನದ ಸರಕಾರ ತಾನೇ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ಕೊಟ್ಟಿತ್ತು. ಮುಂಡರಗಿ ಸೀಮೆ ಆಗ ಮುಂಬಯಿ ಪ್ರಾಂತದಲ್ಲಿತ್ತು, ಆ ಮಾತು ಬಿಡಿ. ಸ್ವಾತಂತ್ರ್ಯದ ನಂತರ ನಮ್ಮ ಹೆಂಗಸರಿಗೆ ಸಿಕ್ಕಿದ್ದು ಆಪರೇಶನ್ ಒಂದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ದಂಪತಿಗಳಲ್ಲಿ ಹೆಣ್ಣಿನ ಶಸ್ತ್ರಚಿಕಿತ್ಸೆಯನ್ನು ನೆಚ್ಚಿದವರು ಶೇ. 37.9, ಗಂಡಿನದನ್ನು ನೆಚ್ಚಿದವರು ಶೇ. 0.3. ಕರ್ನಾಟಕದಲ್ಲಿ ಹೆಣ್ಣಿನ ಪಾಲು ಅರ್ಧಕ್ಕಿಂತ ಹೆಚ್ಚು. ಮಕ್ಕಳು ಸಾಕು ಎಂದು ಮನೆಯವರು ತೀರ್ಮಾನಿಸುವ ತನಕ ಹೆರುವುದು, ಆಮೇಲೆ ಕೊಯ್ಯಿಸಿಕೊಳ್ಳುವುದು. ನಡುವೆ ಎರಡು ವರ್ಷ ಬಿಡುವು ಬೇಕೆನ್ನುವುದಕ್ಕೆ ಈ ಲೆಕ್ಕದಲ್ಲಿ ಜಾಗವಿಲ್ಲ.

ಹಳೆಯ ಓದುಗರು ಒಂದು ಪ್ರಶ್ನೆ ಎತ್ತಬಹುದು. ನೆಟ್-ಎನ್ ಚುಚ್ಚುಮದ್ದಿನ ವಿರುದ್ಧ 1986ರಲ್ಲಿ ಸ್ತ್ರೀ ಶಕ್ತಿ ಸಂಘಟನೆ, ಸಹೇಲಿ ಮೊದಲಾದ ಗುಂಪುಗಳು ಸುಪ್ರೀಂ ಕೋರ್ಟಿಗೆ ಹೋಗಿದ್ದವಲ್ಲ, ಈಗ ನಾವೇ ಗುಳಿಗೆಗಾಗಿ ವಾದಿಸುವುದು ಹೇಗೆ? ವಿರೋಧ ಇದ್ದದ್ದು ಹೆಣ್ಣಿಗೆ ಏನೂ ತಿಳಿಸದೆ ಆಕೆಯ ಮೈಮೇಲೆ ಪ್ರಯೋಗ ಮಾಡುವುದಕ್ಕೆ, ಒಮ್ಮೆ ಚುಚ್ಚಿದರೆ ತಿಂಗಳುಗಟ್ಟಲೆ ಹಿಂದಕ್ಕೆ ಪಡೆಯಲಾಗದ ಮದ್ದಿಗೆ. ಗುಳಿಗೆಯನ್ನು ಬೇಡವೆನಿಸಿದ ದಿನ ನಿಲ್ಲಿಸಬಹುದು. ಹಾಗೆಂದು ಕಣ್ಣುಮುಚ್ಚಿ ನುಂಗುವಂತಿಲ್ಲ. ರಕ್ತದೊತ್ತಡ ಹೆಚ್ಚಿರುವವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು, ಆರು ತಿಂಗಳೊಳಗಿನ ಕೂಸಿಗೆ ಹಾಲುಣಿಸುವವರು ಮಾಲಾ-ಎನ್‌ನಂಥ ಗುಳಿಗೆಯನ್ನು ಕೇಳದೆ ತೆಗೆದುಕೊಳ್ಳಬಾರದು. ತುರ್ತು ಗುಳಿಗೆ ತಿಂಗಳು ತಿಂಗಳೂ ನುಂಗುವುದಕ್ಕಲ್ಲ, ಆಗಲೇ ನಿಂತ ಬಸಿರನ್ನು ಅದು ತೆಗೆಯುವುದೂ ಇಲ್ಲ. ಬಸಿರು ತೆಗೆಸುವ ಮಾತ್ರೆಯೇ ಬೇರೆ, ಅದಕ್ಕೆ ವೈದ್ಯರು ಬೇಕೇ ಬೇಕು. ಆದರೆ 18 ತುಂಬಿದ ಹೆಣ್ಣಿಗೆ ಅಲ್ಲಿಯೂ ಗಂಡನ ಸಹಿ ಬೇಕಾಗಿಲ್ಲ. ಆಕೆಯ ಒಪ್ಪಿಗೆಯೊಂದೇ ಸಾಕೆಂದು 1971ರ ಕಾಯ್ದೆ ಹೇಳುತ್ತದೆ.

ಬೇಡವೆಂದರೂ ಬಸಿರಾಗಿಸುವುದನ್ನು, ಗುಳಿಗೆ ಕಸಿದು ಎಸೆಯುವುದನ್ನು ನಾವು ಸಂಸಾರದ ತಾಪತ್ರಯವೆಂದು ನುಂಗಿಕೊಂಡು ಬಂದಿದ್ದೇವೆ. ಇದು ಹಿಂಸೆಯೇ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ದೇಹಕ್ಕೆ, ಆರೋಗ್ಯಕ್ಕೆ ಮಾಡುವ ಹಾನಿಯನ್ನೂ ಲೈಂಗಿಕ ದೌರ್ಜನ್ಯವನ್ನೂ ಹಿಂಸೆಯೆಂದೇ ಕರೆಯುತ್ತದೆ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಅದರ ಸಂರಕ್ಷಣಾಧಿಕಾರಿ. 181ಕ್ಕೆ ಫೋನು ಮಾಡಿದರೂ ನಡೆಯುತ್ತದೆ. ಬಂಗಾರಕ್ಕಾಗಿ ಹೊಡೆಯುವವನ ಮೇಲೆ ಹಿಂದೆ 498-ಎ ಹಾಕುತ್ತಿದ್ದರು, 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು.

ಗುಳಿಗೆಗಾಗಿ ಆ ಕಟ್ಟೆಯ ಮುಂದೆಯೇ ನಿಲ್ಲಬೇಕೆಂದಿಲ್ಲ. ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ತಂದುಕೊಡುವ ಯೋಜನೆ 2011ರಲ್ಲೇ ಶುರುವಾಯಿತು; ಒಂದು ತಿಂಗಳ ಗುಳಿಗೆಗೆ ಆಗ ಗೊತ್ತುಮಾಡಿದ ಬೆಲೆ ಒಂದು ರೂಪಾಯಿ. ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ಆಶಾಳ ಚೀಲ ಖಾಲಿಯಿದ್ದರೆ ಆಕೆಯನ್ನು ಬೈಯಬೇಡಿ, ಮೇಲಿಂದ ಬಾರದ್ದನ್ನು ಆಕೆ ಎಲ್ಲಿಂದ ತಂದಾಳು? ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಒಬ್ಬರೇ ಕೇಳಿದರೆ ಹೆಸರು ಕೆಡಿಸುತ್ತಾರೆ, ಸಂಘದ ಠರಾವಾಗಿ ಬಂದರೆ ಯಾರ ಹೆಸರು ಕೆಡಿಸುತ್ತಾರೆ?

ಡೋಣಿಯ ಆ ತಂಗಿಗೆ ದೂರು ಕೊಡುವ ಮನಸ್ಸು ಇನ್ನೂ ಆಗಿಲ್ಲ. ನಾವೂ ಒತ್ತಾಯಿಸಲಿಲ್ಲ, ಆ ಮನೆಯಲ್ಲಿ ರಾತ್ರಿ ಕಳೆಯಬೇಕಾದವಳು ಆಕೆ. ನರ್ಸಮ್ಮ ತಪಾಸಣೆ ಮಾಡಿ ಛಾಯಾ ಗುಳಿಗೆ ಕೊಟ್ಟಿದ್ದಾರೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ಮನೆಯಲ್ಲಿಟ್ಟರೆ ಅತ್ತೆಯ ಕಣ್ಣಿಗೆ ಬೀಳುತ್ತದೆಂದು ಸಂಘದ ಲೆಕ್ಕದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾಳೆ. ವಾರದ ಸಭೆಯ ದಿನ ಒಂದು ನುಂಗುತ್ತಾಳೆ. ಇನ್ನೊಂದರ ದಿನ ಬಂದಾಗ ಪೆಟ್ಟಿಗೆಯ ಕೀಲಿ ಇರುವ ಗೆಳತಿಯ ಮನೆಗೆ ಸಕ್ಕರೆ ಕಡ ಕೇಳಲು ಹೋಗುತ್ತಾಳೆ.